ಕೊಟ್ಟವರು ನಾವಲ್ಲ, ಕಂಟ್ರಾಕ್ಟರು

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಯುವಜನರ ಕೂಟದಲ್ಲಿ ನಾವೊಂದು ಪ್ರಶ್ನೆಗೆ ಸಿಕ್ಕಿಬಿದ್ದೆವು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊಸೂರಿನ ಕಾರ್ಖಾನೆಗಳಲ್ಲೋ ಬೆಂಗಳೂರಿನ ಐ.ಟಿ. ಕಂಪನಿಗಳಲ್ಲೋ ದುಡಿಯುವವರು. ಕೆಲಸಕ್ಕೆ ಸೇರಿದ ವಾರವೇ ಲಂಚದ ಬಗ್ಗೆ ಕಂಪ್ಯೂಟರಿನಲ್ಲಿ ಒಂದು ಪಾಠ ಓದಿಸಿ ಟಿಕ್ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ‘ವಿದೇಶಿ ಅಧಿಕಾರಿ’ ಎಂದು ಬರುತ್ತದೆ. ಯಾರವರು? ಅಮೆರಿಕದ ಕಂಪನಿಗೆ ನಮ್ಮ ತಾಲೂಕು ಕಚೇರಿಯ ಗುಮಾಸ್ತರೇ ವಿದೇಶಿ ಅಧಿಕಾರಿ! ಎಲ್ಲರೂ ನಕ್ಕೆವು.

ಹೊರದೇಶದವರಿಗೆ ಲಂಚ ಕೊಡಬಾರದೆಂಬ ಆ ಕಾನೂನನ್ನು ಅಮೆರಿಕ ಮಾಡಿದ್ದು 1977ರಲ್ಲಿ. ಅಲ್ಲಿನ 400ಕ್ಕೂ ಹೆಚ್ಚು ಕಂಪನಿಗಳು ಇಂಥ ಅನುಮಾನದ ಪಾವತಿಗಳನ್ನು ಒಪ್ಪಿಕೊಂಡ ನಂತರ.

ನಮಗೆ ಹತ್ತಿರದ್ದು ಚೆನ್ನೈನ ಸಂಗತಿ. ಕಾಗ್ನಿಜೆಂಟ್ ಕಂಪನಿ ಅಲ್ಲಿ 27 ಲಕ್ಷ ಚದರಡಿಯ ಕಚೇರಿ ಕಟ್ಟಿಸುತ್ತಿತ್ತು. 2014ರಲ್ಲಿ ತಮಿಳುನಾಡು ಸರ್ಕಾರದ ಒಬ್ಬ ಹಿರಿಯ ಅಧಿಕಾರಿ ನಕ್ಷೆಯ ಪರವಾನಗಿಗೆ 20 ಲಕ್ಷ ಡಾಲರ್ ಕೇಳಿದರು, ಅದನ್ನು ಕಟ್ಟಡದ ಕಂಟ್ರಾಕ್ಟರ ಮೂಲಕ ಕೊಡಿಸಲಾಯಿತು, ಆಮೇಲೆ ‘ಹೆಚ್ಚುವರಿ ಕೆಲಸ’ ಎಂದು ಬಿಲ್ಲು ಬರೆದು ತುಂಬಿಕೊಡಲಾಯಿತು ಎಂಬುದು ಅಮೆರಿಕದ ಷೇರುಪೇಟೆ ಆಯೋಗದ ಆರೋಪ. ಕಂಪನಿ ತಾನೇ ವಿಷಯ ತಿಳಿಸಿ, 2019ರಲ್ಲಿ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಸುಮಾರು 2.5 ಕೋಟಿ ಡಾಲರ್ ಕಟ್ಟಿತು. ಇಬ್ಬರು ಮೇಲಧಿಕಾರಿಗಳ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು 2025ರಲ್ಲಿ ಕೈಬಿಡಲಾಯಿತು.

ಕಟ್ಟಡ ಅರ್ಧಕ್ಕೆ ನಿಂತರೆ ದಿನಕ್ಕೆಷ್ಟು ನಷ್ಟ ಎಂದು ಮೇಸ್ತ್ರಿ ಕೆಲಸ ಬಲ್ಲ ಯಾರನ್ನಾದರೂ ಕೇಳಿ. ಆ ಒತ್ತಡವೇ ಅಧಿಕಾರಿಯ ಬಂಡವಾಳ. ಕಂಪನಿಯ ಕೈ ಮಾತ್ರ ನೋಟು ಮುಟ್ಟುವುದಿಲ್ಲ. ನಡುವೆ ಕಂಟ್ರಾಕ್ಟರೋ ಏಜೆಂಟೋ ನಿಲ್ಲುತ್ತಾನೆ. ಹಾಗಾದರೆ ಪಾಪ ಯಾರದು? ನಮ್ಮನ್ನು ಕಾಡಿದ್ದು ಮೇಲಿನವರಲ್ಲ. ಇಂಥ ಬಿಲ್ಲಿನ ಆ ಒಂದು ಸಾಲನ್ನು ಟೈಪು ಮಾಡುವವರು ಯಾರೋ ಇರುತ್ತಾರಲ್ಲ, ನಮ್ಮ ವಯಸ್ಸಿನವರೇ. ಅನುಮಾನ ಬಂದರೂ ‘ನನಗ್ಯಾಕೆ’ ಅಂದುಕೊಂಡು ಒತ್ತುವ ಬೆರಳು ಅದು.

ಸಾಮಾನ್ಯ ಕೆಲಸವನ್ನು ಬೇಗ ಮಾಡಿಸಲು ಕೊಡುವ ಸಣ್ಣ ಹಣಕ್ಕೆ ಅಮೆರಿಕದ ಕಾನೂನಿನಲ್ಲಿ ವಿನಾಯಿತಿ ಇದೆ. ಬ್ರಿಟನ್ನಿನ 2010ರ ಕಾನೂನಿನಲ್ಲಿ ಇಲ್ಲ. ನಮ್ಮ ದೇಶದಲ್ಲಿ 2018ರ ತಿದ್ದುಪಡಿಯಿಂದ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ತಂಗಿ ಎದ್ದಳು. “ಅಣ್ಣಾ, ಪಟ್ಟಾ ಕಾಗದಕ್ಕೆ ಅಂತ ನಮ್ಮಪ್ಪ ಕೊಟ್ಟ ಐನೂರು ರೂಪಾಯಿ ಯಾವ ಲೆಕ್ಕಕ್ಕೆ ಬರುತ್ತೆ?”

ಯಾರೂ ನಗಲಿಲ್ಲ. ಏಳು ದಿನ ಎಂದೋ ಕಳೆದಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಅಂದಳು: “ಕೊಟ್ಟಿದ್ದು ಅಪ್ಪ. ಆದರೆ ಕವರಿನಲ್ಲಿಟ್ಟು ತಗೊಂಡು ಹೋದವಳು ನಾನು.”