ಕಾಲು ತೋರಿಸುವ ಸಂಕೋಚ



ಇನ್ನು ಸ್ವಲ್ಪ ಹೊತ್ತಿಗೆ ಹನ್ನೆರಡು ಮಂದಿಯ ಪಾದ ತೊಳೆಯುತ್ತೇನೆ. ಪ್ರತಿ ಪವಿತ್ರ ಗುರುವಾರವೂ ಈ ಹನ್ನೆರಡು ಮಂದಿ ಮನೆಯಲ್ಲೇ ಸೋಪು ಹಚ್ಚಿ, ಹಿಮ್ಮಡಿ ಉಜ್ಜಿಕೊಂಡು ಬಂದಿರುತ್ತಾರೆ. ತೊಳೆಯಲು ನನಗೆ ಕೊಳೆಯೇ ಉಳಿದಿರುವುದಿಲ್ಲ. ಹೆಂಗಸರ ಪಾದಗಳನ್ನೂ ತೊಳೆಯಬಹುದೆಂದು 2016ರಲ್ಲಿ ಪೋಪ್ ಫ್ರಾನ್ಸಿಸ್ ಅಪ್ಪಣೆ ಕೊಟ್ಟರು. ಆದರೂ ಕರೆದಾಗ, ಒಡೆದ ಹಿಮ್ಮಡಿ ಹೇಗೆ ತೋರಿಸಲಿ ಫಾದರ್ ಎಂದು ತಾಯಂದಿರು ಹಿಂದೆ ಸರಿಯುತ್ತಾರೆ. ಯೇಸು ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಮೊದಲು ಒಪ್ಪಿರಲಿಲ್ಲವಲ್ಲ.

ಈ ಸಂಕೋಚ ಸಕ್ಕರೆ ಕಾಯಿಲೆಯವರ ಕಾಲನ್ನೇ ಕಳೆಯಬಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ಈ ಬೆಂಚುಗಳಲ್ಲೂ ಇದ್ದೀರಿ. ಹಬ್ಬದ ಕೇಕು ಬೇಡವೆನ್ನುವವರನ್ನು ನಾನು ಬಲ್ಲೆ. (ಬೇಡವೆನ್ನದೆ ತಿನ್ನುವವರನ್ನೂ ಬಲ್ಲೆ.) ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನೂ ಅವಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳನ್ನೂ ಕೆಡಿಸುತ್ತದೆ. ಅತಿ ಉದ್ದದ ನರಗಳು ಕಾಲ್ಬೆರಳಿಗೆ ಹೋಗುವಂಥವು, ಕೇಡು ಅಲ್ಲಿಂದಲೇ ಶುರು. ಕೆಲವರಿಗೆ ಜೋಮು, ರಾತ್ರಿ ಅಂಗಾಲು ಉರಿ. ಕೆಲವರಿಗೆ ಏನೂ ಇಲ್ಲ. ಉರಿ ತಾನಾಗಿ ನಿಂತರೆ ವಾಸಿಯಾಯಿತೆಂದು ಮೇಣದಬತ್ತಿ ಹಚ್ಚುತ್ತೀರಿ. ನಿಂತುಹೋದದ್ದು ಸ್ಪರ್ಶಜ್ಞಾನವೂ ಆಗಿರಬಹುದು. ಆಮೇಲೆ ಚಪ್ಪಲಿ ಕಳಚಿ ಬಿದ್ದರೂ, ಮುಳ್ಳು ಹೊಕ್ಕರೂ ಗೊತ್ತಾಗದು.

1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಶನರಿ ದಂಪತಿಗೆ ಹುಟ್ಟಿದ ಪಾಲ್ ಬ್ರಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆಂದು ಜನ ನಂಬಿದ್ದಾಗ, ನೋವು ತಿಳಿಯದೆ ಆದ ಗಾಯ, ಸುಟ್ಟಗಾಯಗಳೇ ಕಾರಣವೆಂದು ಅವರು ತೋರಿಸಿಕೊಟ್ಟರು. ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿದ್ದಾಗ ಸಕ್ಕರೆ ಕಾಯಿಲೆಯವರ ಪಾದದಲ್ಲೂ ಅದನ್ನೇ ಕಂಡರು. ನೋವನ್ನು ಅವರು ವರವೆಂದೇ ಬರೆದರು. ನೋವು ತಪ್ಪಿಸೆಂದು ದಿನಾ ಬೇಡುವ ನಮಗೆ ಈ ಮಾತು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ.

ಕಾಲು ತೋರಿಸುವುದಕ್ಕಷ್ಟೇ ಅಲ್ಲ, ಡಾಕ್ಟರನ್ನು ಪ್ರಶ್ನೆ ಕೇಳುವುದಕ್ಕೂ ನಮಗೆ ಸಂಕೋಚವೇ. ಡಾಕ್ಟರ್ ಹೇಳಿದ್ದಕ್ಕೆಲ್ಲ ಹೂಂ ಎಂದು ತಲೆಯಾಡಿಸಿ, ಚೀಟಿ ಮಡಚಿಕೊಂಡು ಬಂದು ಮೆಡಿಕಲ್ ಶಾಪಿನ ಹುಡುಗನನ್ನು ವಿಚಾರಿಸುತ್ತೇವೆ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದ ಇಥಿಯೋಪಿಯದವನನ್ನು ನೆನೆಯಿರಿ. ರಾಣಿಯ ಖಜಾನೆ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿ, ರಥದಲ್ಲಿ ಯೆಶಾಯನ ಗ್ರಂಥ ಓದುತ್ತಿದ್ದ. ಅರ್ಥವಾಯಿತೇ ಎಂದು ಫಿಲಿಪ್ಪ ಕೇಳಿದಾಗ ಹೂಂ ಎನ್ನಲಿಲ್ಲ. ಯಾರಾದರೂ ತಿಳಿಸಿಕೊಡಬೇಕೆಂದು ಅವನನ್ನೇ ಹತ್ತಿಸಿಕೊಂಡ. ಓದು ಬಲ್ಲವನಿಗೇ ಆ ಅಗತ್ಯವಿದ್ದರೆ ನಮಗೇಕೆ ನಾಚಿಕೆ? ಎಚ್‌ಬಿಎ1ಸಿ ಎಂದರೇನೆಂದು ಕೇಳಿ. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಹೇಳುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆಯಾಗಿ ನರಗಳಿಗೆ ಇನ್ನಷ್ಟು ತೊಂದರೆಯಾಗಬಹುದು, ಅದರ ಪರೀಕ್ಷೆ ಬೇಕೇ ಎಂದು ಕೇಳಿ. ಎದ್ದು ಬರುವ ಮೊದಲು, ನಾನು ತಿಳಿದುಕೊಂಡದ್ದು ಹೀಗೆ, ಸರಿಯೇ ಡಾಕ್ಟ್ರೇ ಎಂದು ನಿಮ್ಮ ಮಾತಿನಲ್ಲೇ ಒಪ್ಪಿಸಿ.

ನಾಳೆ ಶುಭ ಶುಕ್ರವಾರ. ಸುಡುವ ಡಾಂಬರಿನ ಮೇಲೆ ಬರಿಗಾಲಲ್ಲಿ ಶಿಲುಬೆಯ ಹಾದಿ ನಡೆಯುವ ಹರಕೆ ಕೆಲವರದು; ವೇಲಾಂಕಣಿಗೆ ಬರಿಗಾಲಲ್ಲಿ ಹೋಗುವವರೂ ಇದ್ದಾರೆ. ನ್ಯಾಯವಾದ ಕಾರಣವಿದ್ದರೆ ಇಂಥ ಸ್ವಂತ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುವಿಗೆ ಧರ್ಮಸಭೆಯ ಕಾನೂನಿನ 1196ನೇ ಕಲಮಿನಲ್ಲೇ ಇದೆ. ಶುಗರ್ ಇರುವವರು ಬಂದು ಹೇಳಿ, ಬಿಡಿಸಿಕೊಡುತ್ತೇನೆ. ಚಪ್ಪಲಿ ಮೆಟ್ಟಿಯೇ ನಡೆಯಿರಿ. ಉಪವಾಸದ ಕಟ್ಟಳೆಯೂ ಕಾಯಿಲೆಯವರಿಗಿಲ್ಲ. ಇನ್ಸುಲಿನ್ ಚುಚ್ಚಿಕೊಂಡು ಹಸಿದಿರುವುದು ಅಪಾಯ. ಸಂಜೆ ಕಾಲು ನೋವೆಂದು ಬಿಸಿನೀರಿನಲ್ಲಿ ಅದ್ದಿಕೊಂಡು ಕೂರಬೇಡಿ, ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ.

ಇಂದು ರಾತ್ರಿ ಮನೆಯಲ್ಲಿ ಒಂದು ಕೆಲಸ ಮಾಡಿ. ಸಕ್ಕರೆ ಕಾಯಿಲೆಯವರು ಕಣ್ಣು ಮುಚ್ಚಿ ಕಾಲು ನೀಡಲಿ. ಹೆಂಡತಿಯೋ ಮಗನೋ ಸೊಸೆಯೋ ಪ್ರತಿ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಲಿ, ಒತ್ತಬಾರದು, ತಟ್ಟಬಾರದು. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ರೂಪಿಸಿದ ಪರೀಕ್ಷೆ ಇದು, ಕಾಸಿನ ಖರ್ಚಿಲ್ಲ. ಬೆರಳ ಸಂದುಗಳನ್ನೂ ಅಂಗಾಲನ್ನೂ ಹಾಗೆಯೇ ನೋಡಿಬಿಡಲಿ. ಆರರಲ್ಲಿ ಎರಡು ಬೆರಳಿಗೆ ಮುಟ್ಟಿದ್ದು ತಿಳಿಯದಿದ್ದರೆ ಹಬ್ಬ ಮುಗಿದ ಕೂಡಲೇ ಆಸ್ಪತ್ರೆಗೆ ಹೋಗಿ. ಗಾಯ ಕಂಡರೆ ಹಬ್ಬಕ್ಕೂ ಕಾಯಬೇಡಿ. ಅಲ್ಲಿ ಚಪ್ಪಲಿ ಬಿಡಿ ಎಂದು ಯಾರೂ ಹೇಳದಿದ್ದರೆ ನೀವೇ ಬಿಟ್ಟು, ಕಾಲು ಮುಂದೆ ಚಾಚಿ.