ಇದು ಕೊಬ್ಬಾ, ಕಾಯಿಲೆಯಾ?

ಕನ್ನಡದಲ್ಲಿ 'ಕೊಬ್ಬು' ಅನ್ನೋ ಮಾತಿಗೆ ಎರಡು ಅರ್ಥ. ಒಂದು ಮೈಗೆ ಸೇರೋದು, ಇನ್ನೊಂದು ತಲೆಗೆ ಏರೋದು. ಮಳೆ ನಂಬಿ ಶೇಂಗಾ ಬಿತ್ತುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬರ ಕಂಡ ಹಿರಿಯರಿಗೆ ತಟ್ಟೆಯಲ್ಲಿ ಒಂದು ತುತ್ತು ಮುದ್ದೆ ಬಿಟ್ಟರೂ ಸಿಟ್ಟು ಬರುತ್ತೆ. ಅಂಥ ಮನೆಯ ಹುಡುಗಿಯೊಬ್ಬಳು ಬೆಂಗಳೂರಿನ ಪಿಜಿಯಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದು, ಬೇಕಂತಲೇ ವಾಂತಿ ಮಾಡ್ತಾಳೆ ಅಂದ್ಕೊಳ್ಳಿ. ಊರಿನ ತೀರ್ಪು ರೆಡಿ ಇರುತ್ತೆ: 'ತಿಂದಿದ್ದು ಹೆಚ್ಚಾಗಿ ಕೊಬ್ಬು.'

ಈ ತೀರ್ಪು ನ್ಯಾಯವಾ?

ಇದಕ್ಕೆ ಬುಲಿಮಿಯಾ ಅಂತ ಹೆಸರು. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಇದನ್ನು ವಿವರಿಸಿದರು. ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡೋದು, ಹಸಿವು ತಡೆಯಲಾಗದೆ ಸಿಕ್ಕಾಪಟ್ಟೆ ತಿನ್ನೋದು, ಆಮೇಲೆ ನಾಚಿಕೆ, ವಾಂತಿ, ಮತ್ತೆ ಉಪವಾಸ. ಹುಡುಗರಿಗೂ ಬರುತ್ತೆ. ತೂಕ ಎಷ್ಟೋ ಸಲ ಸಾಮಾನ್ಯವಾಗೇ ಇರೋದರಿಂದ ನೋಡಿದವರಿಗೆ ಗೊತ್ತಾಗಲ್ಲ. ಆದರೆ ಹಲ್ಲು ಸವೆಯುತ್ತೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು.

ಈ ಚಕ್ರದಲ್ಲಿ ನಾಚಿಕೆ ಎಲ್ಲಿ ಕೂತಿದೆ ನೋಡಿ. 'ಅನ್ನಕ್ಕೆ ಅವಮಾನ ಮಾಡಿದೆ' ಅಂತ ಬೈದರೆ ಚಕ್ರ ನಿಲ್ಲಲ್ಲ, ಇನ್ನೂ ಜೋರಾಗಿ ತಿರುಗುತ್ತೆ. ಅವಳು ಆಗಲೇ ತನಗೆ ತಾನೇ ಅದಕ್ಕಿಂತ ಕೆಟ್ಟದಾಗಿ ಬೈದುಕೊಂಡಿರ್ತಾಳೆ.

ಇನ್ನೊಂದು ವಿಚಿತ್ರ ಇದೆ. ಅದೇ ಹುಡುಗಿ ಊಟ ಬಿಟ್ಟು ನಾಲ್ಕು ಕೆಜಿ ಇಳಿಸಿದಾಗ ಆಫೀಸಲ್ಲಿ ನಾವೇ 'ಸೂಪರ್, ಹೇಗೆ ಮಾಡಿದ್ರಿ?' ಅಂದಿರ್ತೀವಿ. ಉಪವಾಸಕ್ಕೆ ಚಪ್ಪಾಳೆ, ವಾಂತಿಗೆ ಛೀಮಾರಿ. ಕಾಯಿಲೆ ಮಾತ್ರ ಒಂದೇ.

ಹಾಗಾದ್ರೆ ಅವಳಿಗೆ ಜವಾಬ್ದಾರಿನೇ ಇಲ್ವಾ? ಇದೆ. ಕಾಯಿಲೆ ಬಂದದ್ದು ಅವಳ ತಪ್ಪಲ್ಲ, ಆದರೆ ಚಿಕಿತ್ಸೆಗೆ ಒಪ್ಪೋದು ಅವಳ ಪಾಲಿನ ಕೆಲಸ. ಮರ್ಯಾದೆ ಹೋಗುತ್ತೆ ಅನ್ನೋ ಭಯ ಇಲ್ಲದೆ ಹೇಳಿಕೊಳ್ಳೋಕೆ ಜಾಗ ಕೊಡೋದು ನಮ್ಮ ಪಾಲಿನದು. ಚಿಕಿತ್ಸೆಯಂತೂ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡುವ ಅಭ್ಯಾಸ, ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಬೇಕಾದರೆ ಮಾತ್ರೆ; ಚಿಕ್ಕ ವಯಸ್ಸಿನವರಿಗಾದರೆ ಅಪ್ಪ ಅಮ್ಮನೂ ಕೂತು ಕಲಿಯುವ ಚಿಕಿತ್ಸೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಊರಲ್ಲಿದ್ದರೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅನ್ನದ ಋಣ ದೊಡ್ಡದೇ. ಆದರೆ ಹಸಿದು ಬಂದವರನ್ನು ವಿಚಾರಣೆ ಮಾಡದೆ ಕೂರಿಸಿ ಬಡಿಸೋದನ್ನೂ ನಮಗೆ ಕಲಿಸಿದ್ದು ಅದೇ ಬರದ ಸೀಮೆ. ಗೆಳತಿಯ ಬಗ್ಗೆ ಅನುಮಾನ ಬಂದರೆ ಅವಳ ತಟ್ಟೆ ಬಗ್ಗೆ, ತೂಕದ ಬಗ್ಗೆ ಮಾತು ಬೇಡ. 'ಯಾಕೋ ಸಪ್ಪಗಿದ್ದೀಯ, ಡಾಕ್ಟರ್ ಹತ್ರ ಹೋಗೋಣ್ವಾ, ನಾನೂ ಬರ್ತೀನಿ' ಅನ್ನಿ.