ನಾಚಿಕೆ ಇರಲಿ, ಅಂಜಿಕೆ ಬೇಡ

ಪ್ರೀತಿಯ ಮಗಳೇ,

ಈ ಮಾತುಗಳು ಮೊದಲು ನಿನಗೆ. ನಿನ್ನ ತಾಯಿ, ತಂದೆ, ಅಣ್ಣಂದಿರು ಓದಿದರೂ ಒಳ್ಳೆಯದೇ. ಆದರೆ ಮಾತಾಡುತ್ತಿರುವುದು ನಿನ್ನೊಡನೆ.

ನಿನಗೀಗ 11 ಅಥವಾ 12 ವರ್ಷವಿರಬಹುದು. ಒಂದು ದಿನ ಬೆಳಿಗ್ಗೆ ಏಳುವಾಗ ಬಟ್ಟೆಯಲ್ಲಿ ರಕ್ತದ ಕಲೆ ಕಾಣುತ್ತದೆ. ಎಲ್ಲೂ ಬಿದ್ದಿಲ್ಲ, ಗಾಯವೂ ಆಗಿಲ್ಲ. ಕೈಕಾಲು ನಡುಗುತ್ತದೆ. ನನಗೆ ಯಾವುದೋ ರೋಗ ಬಂತೇ, ನಾನೇನಾದರೂ ತಪ್ಪು ಮಾಡಿದೆನೇ ಎಂದು ಮನಸ್ಸು ಹೆದರುತ್ತದೆ. ಉಮ್ಮನಿಗೆ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಎಷ್ಟೋ ಹುಡುಗಿಯರು ಆ ಬಟ್ಟೆಯನ್ನು ಬಚ್ಚಿಟ್ಟು ದಿನವಿಡೀ ಒಬ್ಬರೇ ಅಳುತ್ತಾರೆ. ಇನ್ನು ಕೆಲವರು ಯಾರಾದರೂ ಕಾರಣ ಕೇಳಿಯಾರೆಂಬ ಭಯದಿಂದ ಅದೇ ಸ್ಥಿತಿಯಲ್ಲಿ ಮನೆಯವರೊಂದಿಗೆ ನಮಾಝ್‌ಗೂ ನಿಲ್ಲುತ್ತಾರೆ. ರಮಝಾನ್‌ನಲ್ಲಾದರೆ ಏನನ್ನೂ ತಿನ್ನದೆ ಕುಡಿಯದೆ ಉಪವಾಸವಿದ್ದಂತೆ ನಟಿಸುತ್ತಾರೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಮನುಷ್ಯರ ಭಯದಿಂದ ಬಿಟ್ಟುಕೊಡುತ್ತಾರೆ!

ಮಗಳೇ, ನಿನಗಿಂತ ಮೊದಲೇ ಇದೇ ಭಯವನ್ನು ಅನುಭವಿಸಿದ ಒಬ್ಬ ಬಾಲಕಿಯ ವೃತ್ತಾಂತವನ್ನು ಕೇಳು. ಅವಳ ಭಯವನ್ನು ನೀಗಿಸಿದವರು ಸ್ವತಃ ಪ್ರವಾದಿವರ್ಯರು(ಸ).

ಹಿಜರಿ 7ನೇ ವರ್ಷ, ಅಂದರೆ ಕ್ರಿ.ಶ. 628. ಪ್ರವಾದಿವರ್ಯರು(ಸ) ತಮ್ಮ ಅನುಚರರೊಂದಿಗೆ ಮದೀನಾದಿಂದ ಉತ್ತರದ ಖೈಬರ್‌ನತ್ತ ಹೊರಟಿದ್ದರು. ಗಿಫಾರ್ ಗೋತ್ರದ ಕೆಲವು ಸ್ತ್ರೀಯರು ಬಂದು, ಗಾಯಾಳುಗಳ ಶುಶ್ರೂಷೆಗಾಗಿ ನಾವೂ ಬರುತ್ತೇವೆಂದು ಅನುಮತಿ ಬೇಡಿದರು. ಅವರು ಸಂತೋಷದಿಂದ ಒಪ್ಪಿದರು. ಆ ಸ್ತ್ರೀಯರ ಜೊತೆಗೆ ಒಬ್ಬ ಎಳೆಯ ಬಾಲಕಿಯೂ ಇದ್ದಳು. ಪ್ರವಾದಿವರ್ಯರು(ಸ) ಅವಳನ್ನು ತಮ್ಮ ಒಂಟೆಯ ಜೀನಿನ ಹಿಂದೆ ಕಟ್ಟಿದ್ದ ಸಾಮಾನಿನ ಚೀಲದ ಮೇಲೆ ಕುಳ್ಳಿರಿಸಿಕೊಂಡರು. ರಾತ್ರಿಯೆಲ್ಲಾ ಪ್ರಯಾಣ ಸಾಗಿತು. ಬೆಳಿಗ್ಗೆ ಒಂಟೆಯನ್ನು ಕುಳ್ಳಿರಿಸಿದಾಗ ಅವಳು ಕೆಳಗಿಳಿದಳು. ನೋಡಿದರೆ ತಾನು ಕುಳಿತಿದ್ದ ಚೀಲದ ಮೇಲೆ ರಕ್ತ! ಅದು ಅವಳ ಪ್ರಥಮ ಋತುಸ್ರಾವ. ನಾಚಿಕೆಯಿಂದ ಕುಗ್ಗಿ ಒಂಟೆಗೆ ಒತ್ತಿಕೊಂಡು ನಿಂತುಬಿಟ್ಟಳು.

ಯೋಚಿಸಿ ನೋಡು. ಸಾವಿರಕ್ಕೂ ಹೆಚ್ಚು ಜನರ ಪ್ರಯಾಣ. ಕಲೆಯಾಗಿರುವುದು ಅಲ್ಲಾಹನ ಸಂದೇಶವಾಹಕರ ಜೀನಿನ ಚೀಲಕ್ಕೆ. ಆ ಎಳೆಯ ಹೃದಯ ಹೇಗೆ ಹೊಡೆದುಕೊಂಡಿರಬೇಡ!

ಪ್ರವಾದಿವರ್ಯರು(ಸ) ಅದನ್ನು ಕಂಡರು. ಮುಖ ತಿರುಗಿಸಲಿಲ್ಲ, ಗದರಲಿಲ್ಲ, ಇತರರನ್ನು ಕರೆಯಲಿಲ್ಲ. ಏನಾಯಿತು, ನಿನಗೆ ಋತುಸ್ರಾವವಾಗಿರಬೇಕಲ್ಲವೇ ಎಂದು ವಿಚಾರಿಸಿದರು. ಅವಳು ಹೌದೆಂದಳು. ಆಗ ಅವರು ಮೊದಲು ನಿನ್ನನ್ನು ಸರಿಪಡಿಸಿಕೋ, ಆಮೇಲೆ ಒಂದು ಪಾತ್ರೆಯಲ್ಲಿ ನೀರು ತೆಗೆದುಕೊಂಡು ಅದಕ್ಕೆ ಸ್ವಲ್ಪ ಉಪ್ಪು ಹಾಕಿ ಚೀಲಕ್ಕೆ ತಗಲಿದ ರಕ್ತವನ್ನು ತೊಳೆ, ಬಳಿಕ ನಿನ್ನ ವಾಹನಕ್ಕೆ ಮರಳು ಎಂದು ತಿಳಿಸಿದರು. ಅಷ್ಟೇ!

ಈ ವೃತ್ತಾಂತವು ಇಬ್ನು ಇಸ್‌ಹಾಕರ ಚರಿತ್ರೆಯಲ್ಲೂ ಅಬೂದಾವೂದರ ಹದೀಸ್ ಸಂಗ್ರಹದಲ್ಲೂ ಇದೆ. ಇದರ ವರದಿಗಾರರ ಪೈಕಿ ಒಬ್ಬರ ವಿವರ ಸಾಕಷ್ಟು ಲಭ್ಯವಿಲ್ಲವೆಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ಆದರೆ ಇದರಲ್ಲಿ ಕಾಣುವ ಪ್ರವಾದಿ ನಡತೆಯು ಬುಖಾರಿ ಮತ್ತು ಮುಸ್ಲಿಮ್‌ನ ಪ್ರಬಲ ಹದೀಸ್‌ಗಳಲ್ಲಿ ಕಾಣುವ ನಡತೆಯೇ ಆಗಿದೆ. ಅವನ್ನೂ ಮುಂದೆ ನೋಡೋಣ.

ಆ ಕೊನೆಯ ಮಾತನ್ನು ಗಮನಿಸು. ನಿನ್ನ ವಾಹನಕ್ಕೆ ಮರಳು! ಅವಳನ್ನು ಮನೆಗೆ ಹಿಂದೆ ಕಳುಹಿಸಲಿಲ್ಲ. ಒಂದು ಮೂಲೆಯಲ್ಲಿ ಕುಳ್ಳಿರಿಸಲಿಲ್ಲ. ಕಲೆಯನ್ನು ತೊಳೆದ ಮೇಲೆ ಅವಳ ಸ್ಥಾನ ಮೊದಲು ಎಲ್ಲಿತ್ತೋ ಅಲ್ಲಿಯೇ. ಪ್ರಯಾಣ ಮುಂದುವರಿಯಿತು. ಖೈಬರ್‌ನ ವಿಜಯದ ನಂತರ ಪ್ರವಾದಿವರ್ಯರು(ಸ) ಆ ಸ್ತ್ರೀಯರಿಗೂ ಕೊಡುಗೆಗಳನ್ನು ನೀಡಿದರು. ಈ ಬಾಲಕಿಗೆ ಒಂದು ಕಂಠಹಾರವನ್ನು ಕೊಟ್ಟು ತಮ್ಮ ಕೈಯಿಂದಲೇ ಅವಳ ಕೊರಳಿಗೆ ತೊಡಿಸಿದರು. ಅವಳು ಅದನ್ನು ಬದುಕಿರುವಷ್ಟು ಕಾಲವೂ ತೆಗೆಯಲಿಲ್ಲ. ತನ್ನೊಂದಿಗೆ ದಫನ ಮಾಡಬೇಕೆಂದು ವಸಿಯ್ಯತ್ ಮಾಡಿದಳು. ಋತುಸ್ರಾವದಿಂದ ಶುದ್ಧಳಾಗುವಾಗಲೆಲ್ಲಾ ನೀರಿಗೆ ಉಪ್ಪು ಬೆರೆಸುತ್ತಿದ್ದಳು. ತನ್ನ ಮಯ್ಯಿತ್ ಸ್ನಾನದ ನೀರಿಗೂ ಉಪ್ಪು ಹಾಕಬೇಕೆಂದು ಹೇಳಿಟ್ಟಳು. ಒಂಟೆಯ ಮರೆಯಲ್ಲಿ ಮುದುಡಿ ನಿಂತ ಹುಡುಗಿ ಬೆಳೆದು ದೊಡ್ಡವಳಾದ ಮೇಲೆ ಆ ದಿನವನ್ನು ಮರೆಯಲೆತ್ನಿಸಲಿಲ್ಲ, ತಾನೇ ಇತರ ಸ್ತ್ರೀಯರಿಗೆ ಹೇಳಿದಳು. ಆದುದರಿಂದಲೇ ಅದು ಇಂದು ನಿನಗೂ ತಲುಪಿದೆ.

ಈಗ ವಿಶ್ವಾಸಿಗಳ ಮಾತೆ ಹಝ್ರತ್ ಆಯಿಶಾರ(ರ) ವಿಷಯ ಕೇಳು. ಹಿಜರಿ 10ನೇ ವರ್ಷ, ಕ್ರಿ.ಶ. 632ರ ವಿದಾಯ ಹಜ್ಜ್. ಮಕ್ಕಾದ ಸಮೀಪ ಸರಿಫ್ ಎಂಬಲ್ಲಿ ತಲುಪಿದಾಗ ಅವರಿಗೆ ಮುಟ್ಟು ಆರಂಭವಾಯಿತು. ಹಜ್ಜ್ ತಪ್ಪಿ ಹೋಯಿತೆಂದು ಅವರು ಅಳುತ್ತಾ ಕುಳಿತರು. ಪ್ರವಾದಿವರ್ಯರು(ಸ) ಬಂದು ಕಾರಣ ವಿಚಾರಿಸಿದರು. ಇದು ಆದಮರ ಪುತ್ರಿಯರಿಗೆ ಅಲ್ಲಾಹನೇ ವಿಧಿಸಿಟ್ಟ ವಿಷಯ, ಹಜ್ಜ್ ಯಾತ್ರಿಕರು ಮಾಡುವುದನ್ನೆಲ್ಲಾ ನೀನೂ ಮಾಡು, ಶುದ್ಧಳಾಗುವ ತನಕ ಕಅಬಾದ ತವಾಫ್ ಒಂದನ್ನು ಬಿಡು ಎಂದು ಸಮಾಧಾನಪಡಿಸಿದರು. ಅರಫಾದ ಮೈದಾನದಲ್ಲಿ ಎಲ್ಲರೊಂದಿಗೆ ಅವರೂ ಇದ್ದರು. ಹಜ್ಜ್ ಮುಗಿದ ಮೇಲೆ, ಇತರರಂತೆ ತನಗೆ ಪ್ರತ್ಯೇಕ ಉಮ್ರಾ ಸಿಗಲಿಲ್ಲವಲ್ಲಾ ಎಂದು ಅವರು ಬೇಸರಿಸಿದಾಗ, ಪ್ರವಾದಿವರ್ಯರು(ಸ) ಅವರ ಸಹೋದರ ಅಬ್ದುರ್ರಹ್ಮಾನರೊಂದಿಗೆ(ರ) ತನ್‌ಈಮ್‌ಗೆ ಕಳುಹಿಸಿ ಉಮ್ರಾ ಮಾಡಿಸಿದರು. ಅಲ್ಲಿರುವ ಮಸೀದಿಯನ್ನು ಇಂದಿಗೂ ಜನರು ಆಯಿಶಾ ಮಸೀದಿ ಎನ್ನುತ್ತಾರೆ.

ಆದಮರ ಪುತ್ರಿಯರಿಗೆ ಅಲ್ಲಾಹನು ವಿಧಿಸಿದ್ದು! ಹಾಗಾದರೆ ಇದು ಶಾಪವಲ್ಲ, ಶಿಕ್ಷೆಯಲ್ಲ, ನಿನ್ನ ತಪ್ಪಿನ ಫಲವೂ ಅಲ್ಲ. ನಿನ್ನ ಉಮ್ಮನಿಗೆ, ಅಜ್ಜಿಗೆ, ಪ್ರವಾದಿವರ್ಯರ(ಸ) ಮನೆಯ ಪವಿತ್ರ ಮಹಿಳೆಯರಿಗೆ ಬಂದುದೇ ನಿನಗೂ ಬಂದಿದೆ.

ಇದು ಹೇಗೆ ಆಗುತ್ತದೆಂಬುದನ್ನೂ ತಿಳಿದುಕೋ. ಹೆಣ್ಣಿನ ಹೊಟ್ಟೆಯ ಕೆಳಭಾಗದಲ್ಲಿ ಗರ್ಭಕೋಶವಿದೆ. ನಾಳೆ ಒಂದು ಶಿಶುವಿಗೆ ಆಶ್ರಯವಾಗಬೇಕಾದ ಆ ಪುಟ್ಟ ಕೋಣೆಯಲ್ಲಿ ಪ್ರತಿ ತಿಂಗಳೂ ರಕ್ತದಿಂದ ಕೂಡಿದ ಮೃದುವಾದ ಪದರ ಸಿದ್ಧವಾಗುತ್ತದೆ. ಶಿಶುವಿಲ್ಲದಿದ್ದಾಗ ಆ ಪದರ ಕಳಚಿ ಹೊರಬರುತ್ತದೆ. ಸಾಮಾನ್ಯವಾಗಿ 2ರಿಂದ 7 ದಿನಗಳವರೆಗೆ ಇರುತ್ತದೆ. ನೋಡುವಾಗ ಬಹಳವೆನಿಸಿದರೂ ಎಲ್ಲಾ ದಿನಗಳದ್ದು ಸೇರಿ ಹೋಗುವ ರಕ್ತ ಹೆಚ್ಚಿನವರಲ್ಲಿ ಎರಡು-ಮೂರು ದೊಡ್ಡ ಚಮಚದಷ್ಟು ಮಾತ್ರ. ಮೊದಲ ಎರಡು-ಮೂರು ವರ್ಷ ದಿನಗಳ ಲೆಕ್ಕ ಏರುಪೇರಾಗುವುದು ಸಹಜ. ನಿನ್ನ ಗೆಳತಿಗೆ 10ರಲ್ಲಿ ಬಂದರೆ ನಿನಗೆ 14ರಲ್ಲಿ ಬರಬಹುದು. ಅದರಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ.

ಸ್ವಚ್ಛತೆ ಈಮಾನಿನ ಭಾಗ. ಪ್ಯಾಡ್ ಆಗಲಿ ಬಟ್ಟೆಯಾಗಲಿ, 4ರಿಂದ 6 ಗಂಟೆಗೊಮ್ಮೆ ಬದಲಿಸು. ಬಟ್ಟೆಯನ್ನು ತಣ್ಣೀರಿನಲ್ಲಿ ಸೋಪು ಹಾಕಿ ತೊಳೆದು ಬಿಸಿಲಿನಲ್ಲೇ ಒಣಗಿಸು, ಕತ್ತಲ ಮೂಲೆಯಲ್ಲಿ ಬಚ್ಚಿಟ್ಟರೆ ರೋಗ ಬರುತ್ತದೆ. ಹೊಟ್ಟೆ ನೋವಿದ್ದರೆ ಬಿಸಿನೀರಿನ ಶಾಖ ಕೊಡು. ಸೊಪ್ಪು, ರಾಗಿ, ಬೇಳೆಕಾಳು, ಖರ್ಜೂರ ಚೆನ್ನಾಗಿ ತಿನ್ನು. ಪ್ರತಿದಿನವೂ ಮೈ ತೊಳೆದುಕೊಳ್ಳಬಹುದು, ಅದಕ್ಕೆ ತಡೆಯಿಲ್ಲ. ಒಂದೊಂದು ಗಂಟೆಗೇ ಪ್ಯಾಡ್ ತೋಯುತ್ತಿದ್ದರೆ, 7 ದಿನ ಮೀರಿದರೆ, ಶಾಲೆಗೆ ಹೋಗಲಾಗದಷ್ಟು ನೋವಿದ್ದರೆ ಅಥವಾ 15 ವರ್ಷ ತುಂಬಿದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಲು ನಾಚಬಾರದು.

ಇನ್ನು ಧರ್ಮದ ನಿಯಮ. ಈ ದಿನಗಳಲ್ಲಿ ನಮಾಝ್ ಇಲ್ಲ, ಉಪವಾಸವಿಲ್ಲ, ತವಾಫ್ ಇಲ್ಲ. ಬಿಟ್ಟ ನಮಾಝ್‌ಗಳನ್ನು ಮತ್ತೆ ನಿರ್ವಹಿಸಬೇಕಾಗಿಲ್ಲ, ರಮಝಾನಿನ ಉಪವಾಸಗಳನ್ನು ಮಾತ್ರ ಬೇರೆ ದಿನಗಳಲ್ಲಿ ಪೂರ್ತಿಗೊಳಿಸಬೇಕು. ಕುರ್‌ಆನ್ ಗ್ರಂಥವನ್ನು ಮುಟ್ಟುವುದನ್ನು ನಮ್ಮ ನಾಡಿನ ಹನಫೀ, ಶಾಫಿಈ ವಿದ್ವಾಂಸರು ತಡೆಯುತ್ತಾರೆ. ಆದರೆ ಕುರ್‌ಆನ್ ಕೇಳುವುದಕ್ಕೆ, ದಿಕ್ರ್, ದುಆ, ಸ್ವಲಾತ್‌ಗೆ ಯಾವ ಅಡ್ಡಿಯೂ ಇಲ್ಲ. ಹನಫೀ ಮದ್‌ಹಬ್‌ನಲ್ಲಿ ಮುಟ್ಟಿನ ಕನಿಷ್ಠ ಅವಧಿ 3 ದಿನ, ಗರಿಷ್ಠ 10 ದಿನ. ಶಾಫಿಈಯಲ್ಲಿ ಕನಿಷ್ಠ ಒಂದು ಹಗಲು ಒಂದು ರಾತ್ರಿ, ಗರಿಷ್ಠ 15 ದಿನ. ರಕ್ತ ನಿಂತಾಗ ನಿಯ್ಯತ್ ಮಾಡಿ ತಲೆಕೂದಲ ಬುಡದಿಂದ ಪಾದದವರೆಗೆ ಎಲ್ಲೆಡೆ ನೀರು ತಲುಪುವಂತೆ ಸ್ನಾನ ಮಾಡು, ಮತ್ತೆ ನಿನ್ನ ನಮಾಝ್ ಆರಂಭಿಸು. ನಮಾಝನ್ನು ಬಿಡುವುದೂ ಆಗ ಅಲ್ಲಾಹನ ಆಜ್ಞೆಯ ಪಾಲನೆಯೇ. ಆದುದರಿಂದ ನಮಾಝ್ ಇಲ್ಲದ ದಿನಗಳಲ್ಲಿ ಅಲ್ಲಾಹನಿಂದ ದೂರವಾದೆನೆಂದು ಭಾವಿಸಬೇಡ.

ನಾನು ಮುಟ್ಟಿದ್ದೆಲ್ಲಾ ಅಶುದ್ಧವೇ ಎಂದು ನಿನಗೆ ಸಂಶಯ ಬರಬಹುದು. ನಮ್ಮ ಸುತ್ತಲಿನ ಸಮಾಜದಲ್ಲಿ ಹೊರಗೆ ಕೂರಿಸುವ, ಬೇರೆ ತಟ್ಟೆ-ಚಾಪೆ ಕೊಡುವ ರೂಢಿಗಳಿವೆ. ಅದರ ನೆರಳು ಕೆಲವು ಮುಸ್ಲಿಮ್ ಮನೆಗಳ ಮೇಲೂ ಬಿದ್ದಿದೆ. ಆದರೆ ಪ್ರವಾದಿವರ್ಯರ(ಸ) ಮನೆಯನ್ನು ನೋಡು. ಮಸೀದಿಯಿಂದ ಚಾಪೆ ಎತ್ತಿಕೊಡೆಂದು ಅವರು ಕೇಳಿದಾಗ ಆಯಿಶಾ(ರ) ತನಗೆ ಮುಟ್ಟಾಗಿದೆ ಎಂದರು. ಮುಟ್ಟು ನಿನ್ನ ಕೈಯಲ್ಲಿಲ್ಲವಲ್ಲಾ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಆ ದಿನಗಳಲ್ಲಿ ಆಯಿಶಾ(ರ) ನೀರು ಕುಡಿದ ಪಾತ್ರೆಯಲ್ಲಿ, ಅವರು ಬಾಯಿಟ್ಟ ಜಾಗದಲ್ಲೇ ಬಾಯಿಟ್ಟು ಕುಡಿಯುತ್ತಿದ್ದರು. ಅವರ ಮಡಿಲಲ್ಲಿ ಒರಗಿ ಕುರ್‌ಆನ್ ಪಾರಾಯಣ ಮಾಡುತ್ತಿದ್ದರು. ಈದ್ ದಿನ ಮುಟ್ಟಾದ ಸ್ತ್ರೀಯರೂ ಈದ್‌ಗಾಹ್‌ಗೆ ಬರಬೇಕು, ನಮಾಝಿನ ಸಾಲಿನಿಂದ ಸರಿದು ನಿಂತು ದುಆದಲ್ಲಿ ಪಾಲ್ಗೊಳ್ಳಬೇಕು ಎಂದು ಆಜ್ಞಾಪಿಸಿದ್ದರು. ಇದನ್ನು ವರದಿ ಮಾಡಿದವರು ಉಮ್ಮು ಅತಿಯ್ಯಾ(ರ). ನಮಾಝಿಗಷ್ಟೇ ರಜೆ, ಮನೆಯ ಒಲವಿಗೂ ಸಮುದಾಯದ ಸಂತೋಷಕ್ಕೂ ರಜೆಯಿಲ್ಲ.

ಮಗಳೇ, ನಿನ್ನ ನಾಚಿಕೆ ಕೆಟ್ಟದ್ದಲ್ಲ. ಲಜ್ಜೆ ಸತ್ಯವಿಶ್ವಾಸದ ಒಂದು ಶಾಖೆ. ಅದು ನಿನ್ನ ಮಾತನ್ನು ಮೃದುವಾಗಿಸಲಿ, ನಿನ್ನ ಖಾಸಗಿ ವಿಷಯವನ್ನು ನಾಲ್ಕು ಜನರ ಮುಂದೆ ಹೋಗದಂತೆ ಕಾಯಲಿ. ಆದರೆ ತಿಳಿಯಬೇಕಾದುದನ್ನು ತಿಳಿಯದಂತೆ ಬಾಯಿ ಕಟ್ಟುವುದು ಲಜ್ಜೆಯಲ್ಲ, ಬರೀ ಅಂಜಿಕೆ. ಅನ್ಸಾರ್ ಮಹಿಳೆಯರನ್ನು ಆಯಿಶಾ(ರ) ಹೊಗಳಿದ್ದೇ ಈ ಕಾರಣಕ್ಕೆ: ಧರ್ಮವನ್ನು ಕಲಿಯಲು ಲಜ್ಜೆಯು ಅವರಿಗೆ ಅಡ್ಡಿಯಾಗಲಿಲ್ಲ. ಅವರಲ್ಲೊಬ್ಬಳು ಮುಟ್ಟಿನ ನಂತರದ ಸ್ನಾನದ ಬಗ್ಗೆ ಪ್ರವಾದಿವರ್ಯರಲ್ಲಿ(ಸ) ಕೇಳಿದಳು. ಕಸ್ತೂರಿ ಸವರಿದ ಬಟ್ಟೆಯ ತುಂಡಿನಿಂದ ಶುಚಿಗೊಳಿಸಿಕೋ ಎಂದರು. ಹೇಗೆಂದು ಅವಳು ಮತ್ತೆ ಕೇಳಿದಾಗ ಅವರು ಲಜ್ಜೆಯಿಂದ ಮುಖ ತಿರುಗಿಸಿದರು. ಆಯಿಶಾ(ರ) ಅವಳನ್ನು ತನ್ನ ಬಳಿಗೆ ಎಳೆದುಕೊಂಡು ಬಿಡಿಸಿ ಹೇಳಿದರು. ಪ್ರಶ್ನೆಯೂ ನಡೆಯಿತು, ಲಜ್ಜೆಯೂ ಉಳಿಯಿತು. ನೀನೂ ಹಾಗೆಯೇ ಉಮ್ಮನ ಅಥವಾ ಅಕ್ಕನ ಕಿವಿಯಲ್ಲಿ ಹೇಳು. ಒಂದೇ ಮಾತು ಸಾಕು, ಉಳಿದದ್ದು ಅವರಿಗೆ ಅರ್ಥವಾಗುತ್ತದೆ. ಶಾಲೆಯಲ್ಲಾದರೆ ಒಬ್ಬ ಟೀಚರಮ್ಮನಿಗೆ ಹೇಳು.

ತಾಯಂದಿರೇ, ಆಯಿಶಾ(ರ) ಎಳೆದುಕೊಂಡಂತೆ ಮಗಳನ್ನು ಬಳಿಗೆ ಎಳೆದುಕೊಳ್ಳುವವರು ನೀವಲ್ಲವೇ? ಮುಟ್ಟಾಗುವ ಮುಂಚೆಯೇ, ಮಗಳಿಗೆ 9-10 ವರ್ಷವಾಗುವಾಗಲೇ, ನಾಲ್ಕು ಮಾತು ಹೇಳಿಡಿ. ಗಡಿಬಿಡಿಯಲ್ಲಿ ಒಂದು ಬಟ್ಟೆಯ ತುಂಡು ಎಸೆದು, ಯಾರಿಗೂ ಹೇಳಬೇಡ ಎಂದಷ್ಟೇ ಹೇಳಿ ಹೋದರೆ ಅವಳು ತನ್ನ ದೇಹವನ್ನೇ ಅಪರಾಧವೆಂದು ತಿಳಿದಾಳು. ಬಾಲಿಗ್ ಆದಳೆಂದರೆ ಅವಳ ನಮಾಝ್, ಉಪವಾಸಗಳ ಹೊಣೆ ಅವಳದಾಯಿತು ಎಂದರ್ಥ. ಶಾಲೆ ಬಿಡಿಸುವ ಕಾಲ ಬಂತು, ಮದುವೆಗೆ ಅವಸರಿಸುವ ಕಾಲ ಬಂತು ಎಂದಲ್ಲ. ಪ್ರವಾದಿವರ್ಯರು(ಸ) ಮರಳಿ ವಾಹನವೇರಿಸಿದ ಹುಡುಗಿಯನ್ನು ನಾವು ಅರ್ಧ ದಾರಿಯಲ್ಲಿ ಇಳಿಸಿಬಿಡುವುದೇ?

ತಂದೆಯರೇ, ಸಹೋದರರೇ, ರಮಝಾನ್‌ನಲ್ಲಿ ಮಗಳು ಅಡುಗೆ ಮನೆಯಲ್ಲಿ ನೀರು ಕುಡಿಯುವುದು ಕಂಡರೆ ಪ್ರಶ್ನಿಸಬೇಡಿ. ನಮಾಝ್‌ಗೆ ಎದ್ದಿಲ್ಲವೆಂದು ಎಲ್ಲರ ಮುಂದೆ ಕೂಗಬೇಡಿ. ಪ್ಯಾಡ್ ತಂದುಕೊಡಬೇಕಾದರೆ ಹಾಲಿನ ಪ್ಯಾಕೆಟ್ ತಂದಂತೆ ತಂದುಕೊಡಿ. ಆ ಗಿಫಾರಿ ಬಾಲಕಿಗೆ ಸಿಕ್ಕಿದ ಸಮಾಧಾನ ನಿಮ್ಮ ಮನೆಯ ಹುಡುಗಿಗೂ ಸಿಗಬೇಡವೇ?

ಮಗಳೇ, ಇನ್ನು ಎದ್ದೇಳು. ಕಣ್ಣೊರೆಸಿಕೋ, ಬಟ್ಟೆ ಬದಲಿಸು, ಕಲೆಯನ್ನು ತೊಳೆ, ಉಮ್ಮನಿಗೆ ಹೇಳು. ಆಮೇಲೆ ಪುಸ್ತಕದ ಚೀಲ ಹೆಗಲಿಗೇರಿಸಿ ನಿನ್ನ ದಾರಿಯಲ್ಲಿ ಮುಂದೆ ಹೋಗು. ನಿನ್ನನ್ನು ಸೃಷ್ಟಿಸಿದವನಿಗೆ ನಿನ್ನ ನೋವೂ ಗೊತ್ತು, ನಿನ್ನ ನಾಚಿಕೆಯೂ ಗೊತ್ತು.

ಅಲ್ಲಾಹನು ನಮ್ಮ ಹೆಣ್ಣುಮಕ್ಕಳಿಗೆ ಆರೋಗ್ಯವನ್ನೂ ಜ್ಞಾನವನ್ನೂ ಲಜ್ಜೆಯ ಸೌಂದರ್ಯವನ್ನೂ ಕರುಣಿಸಲಿ. ಅವರ ಭಯವನ್ನು ನೀಗಿಸುವ ಮೃದು ಮಾತುಗಳನ್ನು ನಮ್ಮ ನಾಲಿಗೆಗೆ ನೀಡಲಿ. ಆಮೀನ್.